ಎರಡನೇ ಬ್ರೇಕು

ಮಾರ್ಚ್ 4, ಸೋಮವಾರ

ಮನಸ್ಸಿನಲ್ಲಿ ಬಂದದ್ದನ್ನು ದಿನಾ ಬರೆದಿಡಿ, ಹಗುರಾಗುತ್ತೆ ಎಂದಳು ಆಸ್ಪತ್ರೆಯ ನರ್ಸಮ್ಮ. ಅವಳಿಗೇನು, ಹೇಳುತ್ತಾಳೆ. ಎರಡು ಮಕ್ಕಳ ತಾಯಿ. ಅವುಗಳ ಫೋಟೋವನ್ನು ಮೇಜಿನ ಮೇಲೆ ಬೇರೆ ಇಟ್ಟುಕೊಂಡಿದ್ದಾಳೆ, ಮಕ್ಕಳಾಗದವರು ಬಂದು ಕೂರುವ ಕೋಣೆಯಲ್ಲಿ. ಆದರೂ ಬರೆಯುತ್ತಿದ್ದೇನೆ. ನನ್ನೊಳಗೆ ತುಂಬಿರುವುದೆಲ್ಲ ಬಾಯಿ ಬಿಟ್ಟರೆ ಜಗಳವಾಗುವಂಥ ಮಾತುಗಳು. ಅದಕ್ಕಿಂತ ಕಾಗದ ವಾಸಿ.

ಇವತ್ತು ಡಾಕ್ಟರು ಹೇಳಿದ್ದು ಇಷ್ಟು. ಎರಡು ಸಲ ಪ್ರಯತ್ನಿಸಿದ್ದು ಫಲಿಸಲಿಲ್ಲ. ಹೆಪ್ಪುಗಟ್ಟಿಸಿ ಇಟ್ಟದ್ದರಲ್ಲಿ ಇನ್ನು ಒಂದೇ ಭ್ರೂಣ ಉಳಿದಿದೆ. ಈ ತಿಂಗಳು ಮುಟ್ಟಾದ ಕೂಡಲೇ ಮಾತ್ರೆ ಶುರು. ಗರ್ಭಕೋಶ ಹದಕ್ಕೆ ಬಂದರೆ ಮುಂದಿನ ತಿಂಗಳ ಮೊದಲಲ್ಲಿ ಅದನ್ನು ಒಳಗೆ ಬಿಡುತ್ತಾರೆ. ಆಮೇಲೆ ಏನು ಎಂದು ಕೇಳಿದೆ. ನನ್ನ ವಯಸ್ಸಿಗೆ, ನನ್ನ ಅಂಡಾಶಯದ ಸ್ಥಿತಿಗೆ, ಮತ್ತೆ ಮೊದಲಿನಿಂದ ಮಾಡಿ ಎಂದು ಅವರು ಹೇಳುವುದಿಲ್ಲವಂತೆ. ಅಂದರೆ ಇದೇ ಕೊನೆ. ಪಕ್ಕದಲ್ಲಿ ಕೂತಿದ್ದ ಇವರು ನನ್ನ ಕೈ ಹಿಡಿದುಕೊಂಡರು. ಲಿಫ್ಟ್ ರಿಪೇರಿಯವರ ಕೈ, ಎಷ್ಟು ತೊಳೆದರೂ ಗ್ರೀಸಿನ ವಾಸನೆ. ಬಿಡಿಸಿಕೊಂಡೆ.

ಅಲ್ಲಿಂದ ನೇರ ಕೆಲಸಕ್ಕೆ ಹೋದೆ. ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಹೆಂಗಸು ನಾನೊಬ್ಬಳೇ. ಕಲಿಯುವವರ ಪಕ್ಕದಲ್ಲಿ ಕೂರುತ್ತೇನೆ. ನನ್ನ ಕಾಲ ಬಳಿಯೂ ಒಂದು ಬ್ರೇಕಿದೆ. ಅವರು ಎಡವಟ್ಟು ಮಾಡಿದರೆ ನಾನು ಒತ್ತುತ್ತೇನೆ. ಈ ಕಾಲಿನ ದಯೆಯಿಂದ ಎಷ್ಟು ನಾಯಿ, ಎಷ್ಟು ಸೈಕಲ್ಲು, ಎಷ್ಟು ಮುದುಕರು ಇವತ್ತಿಗೂ ಊರಲ್ಲಿ ಓಡಾಡಿಕೊಂಡಿದ್ದಾರೋ. ಬೆನ್ನ ಹಿಂದೆ ನನ್ನನ್ನು ಬ್ರೇಕಮ್ಮ ಎನ್ನುತ್ತಾರೆಂದು ಗೊತ್ತು. ಅನ್ನಲಿ.

ಸಾಯಂಕಾಲ ಮೆಟ್ಟಿಲಲ್ಲಿ ಪಿಟೀಲು ಸಿಕ್ಕಿದಳು. ಇವರ ತಂಗಿ. ಹುಟ್ಟಿದಾಗ ಕುಂಯ್ ಎಂದು ಅಳಲು ಹಿಡಿದರೆ ನಿಲ್ಲಿಸುತ್ತಲೇ ಇರಲಿಲ್ಲವಂತೆ. ಅತ್ತೆ ಇಟ್ಟ ಹೆಸರು ಇಪ್ಪತ್ತಾರು ವರ್ಷವಾದರೂ ಹೋಗಿಲ್ಲ. ಕೆಳಗಿನ ಮನೆಯಲ್ಲಿ ಅತ್ತೆಯ ಜೊತೆ ಇದ್ದಾಳೆ. ಗಂಡ ಹಡಗಿನಲ್ಲಿ ಅಡುಗೆಯವನು, ನೆಂಟನ ಹಾಗೆ ಬಂದು ಹೋಗುತ್ತಾನೆ. ಅವನ ಕಾರು ಹೊದಿಕೆ ಹೊದ್ದುಕೊಂಡು ಕೆಳಗೆ ನಿಂತಿದೆ. ಅದನ್ನು ಓಡಿಸೋದು ಕಲಿಸಿ ಅತ್ತಿಗೆ ಎಂದಳು. ಇದ್ದಕ್ಕಿದ್ದಂತೆ ಈ ಹುಚ್ಚೇಕೆ ಎಂದು ಕೇಳಿದರೆ ಸುಮ್ಮನೆ ಎಂದು ನಕ್ಕಳು. ನಾಳೆಯಿಂದಲೇ ಸ್ಕೂಲಿಗೆ ಬಾ ಎಂದೆ. ಅವಳು ನನಗೆ ಇಷ್ಟವೇ. ಈ ಮನೆಯಲ್ಲಿ ನನ್ನ ತಮಾಷೆಗೆ ನಗುವವಳು ಅವಳೊಬ್ಬಳು.

ಮಾರ್ಚ್ 7, ಗುರುವಾರ

ಪಿಟೀಲು ಬಸುರಿ.

ಯಾರೂ ಹೇಳಲಿಲ್ಲ. ಬೆಲ್ಟು ನೋಡಿ ತಿಳಿದೆ. ಬೆಳಗ್ಗೆ ಸೀಟ್ ಬೆಲ್ಟ್ ಹಾಕಿಕೊಂಡವಳು ಕೆಳಗಿನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಹೊಟ್ಟೆಯಿಂದ ಇಳಿಸಿ ತೊಡೆಯ ಬುಡಕ್ಕೆ ಸರಿಸಿದಳು. ಬೇರೆ ಯಾರೇ ಆಗಿದ್ದರೂ ಬಿಗಿಯಾಯಿತೇನೋ ಎಂದುಕೊಳ್ಳುತ್ತಿದ್ದರು. ನನಗೆ ಗೊತ್ತಾಗದೆ ಇರುತ್ತದೆಯೇ? ಬಸುರಿಯರು ಕಲಿಯಲು ಬಂದರೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಅದು. ಇವಳಿಗೆ ಇನ್ನೂ ನಾನು ಹೇಳಿಕೊಟ್ಟಿಲ್ಲ. ಅವಳ ಡಾಕ್ಟರು ಹೇಳಿರಬೇಕು.

ಕನ್ನಡಿ ಸರಿ ಮಾಡಿಕೋ ಎಂದೆ. ಕ್ಲಚ್ ಒತ್ತು ಎಂದೆ. ಬಾಯಿ ತನ್ನ ಪಾಡಿಗೆ ಪಾಠ ಒಪ್ಪಿಸುತ್ತಿತ್ತು, ಒಳಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಆ ಅಡುಗೆಯವನು ರಜಕ್ಕೆ ಬಂದು ಇದ್ದದ್ದೇ ಎಷ್ಟು ದಿನ? ಅದರಲ್ಲೂ ಅರ್ಧ ದಿನ ನೆಗಡಿ ಎಂದು ಮುಸುಕು ಹೊದ್ದು ಮಲಗಿದ್ದ. ಅಷ್ಟು ಸಾಕಾಯಿತು ಇವಳಿಗೆ. ನಾನು ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಹೊಟ್ಟೆ ಜರಡಿಯಾಗಿದೆ.

ಮಾರ್ಚ್ 8, ಶುಕ್ರವಾರ

ಇವರಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು. ಗೇಟಿನ ಕಾವಲುಗಾರನಿಗೂ ಗೊತ್ತಿತ್ತೋ ಏನೋ. ನಾನು ಮೆಟ್ಟಿಲಿಳಿದರೆ ಕೆಳಗೆ ಮಾತು ನಿಲ್ಲುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯಿತು. ಇವರನ್ನು ನಿಲ್ಲಿಸಿ ಕೇಳಿದೆ. ಟ್ರೀಟ್‌ಮೆಂಟ್ ನಡೀತಿರೋವಾಗ ನಿನ್ನ ಮನಸ್ಸು ಕೆಡಿಸಬಾರದು ಅಂತ ಅಮ್ಮನೇ ಬೇಡ ಅಂದಳು, ಮುಗಿದ ಮೇಲೆ ಹೇಳೋಣ ಅಂತಿದ್ವಿ ಎಂದರು. ಅಷ್ಟೊತ್ತಿಗೆ ಮಗು ಮೆಟ್ಟಿಲು ಹತ್ತಿ ಬಂದು ಅದೇ ಹೇಳುತ್ತಿತ್ತು ಎಂದೆ. ಇವರು ನಕ್ಕುಬಿಟ್ಟರು. ನಗಬಾರದಿತ್ತು. ನಾನೇನು ಗಾಜಿನ ಲೋಟವೇ, ಎಲ್ಲರೂ ಸೇರಿ ಬಟ್ಟೆ ಸುತ್ತಿ ಎತ್ತಿಡುವುದಕ್ಕೆ? ಒಡೆದರೆ ಒಡೆಯಲಿ.

ನನಗೆ ಗೊತ್ತಾಗಿದೆ ಎಂದು ಕೆಳಗೆ ಹೇಳಬೇಡಿ ಎಂದಿದ್ದೇನೆ. ಎಷ್ಟು ದಿನ ನಾಟಕ ಆಡುತ್ತಾರೋ ನೋಡೋಣ.

ಮಾರ್ಚ್ 13, ಬುಧವಾರ

ಕೊನೆಗೆ ಅವಳೇ ಹೇಳಿದಳು. ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡುವುದನ್ನು ಕಲಿಸುತ್ತಿದ್ದೆ. ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು ಅತ್ತಳು. ನಿಮ್ಮ ಹತ್ತಿರ ಮುಚ್ಚಿಟ್ಟು ಮುಚ್ಚಿಟ್ಟು ಅನ್ನ ಸೇರುತ್ತಿಲ್ಲ ಎಂದಳು. ನಾನು ಬೆನ್ನು ಸವರಿ, ಸಂತೋಷ ಕಣೇ ಎಂದೆ. ಮುಖವನ್ನೂ ಅದಕ್ಕೆ ತಕ್ಕ ಹಾಗೆ ಮಾಡಿದೆ. ಕಲಿಯುವ ಆತುರ ಯಾಕೆಂಬುದೂ ಹೊರಬಂತು. ಹೆರಿಗೆಯ ಹೊತ್ತಿಗೆ ಗಂಡ ಯಾವ ಸಮುದ್ರದಲ್ಲಿರುತ್ತಾನೋ ಗೊತ್ತಿಲ್ಲ. ಅತ್ತೆಗೆ ಮಂಡಿ ನೋವು. ಮಗುವಿಗೆ ಜ್ವರ ಬಂದರೆ ಅಣ್ಣ ಬರಲಿ, ಅತ್ತಿಗೆ ಬರಲಿ ಎಂದು ಕಾಯಬಾರದು, ತಾನೇ ಎತ್ತಿಕೊಂಡು ಆಸ್ಪತ್ರೆಗೆ ಹೋಗುವಂತಿರಬೇಕು. ಅದಕ್ಕೆ.

ಮಗುವಿಗೆ ಜ್ವರ ಬಂದರೆ ಎಂದು ಯೋಚಿಸುವ ಮಟ್ಟಕ್ಕೆ ಹೋಗಿದ್ದಾಳೆ. ನಾನು ಇನ್ನೂ ಮುಟ್ಟಿಗೆ ಕಾಯುತ್ತಿದ್ದೇನೆ.

ಕಣ್ಣೊರೆಸಿಕೊಂಡು ಗಾಡಿ ಎತ್ತಿದಳು. ಕ್ಲಚ್ ನಿಧಾನವಾಗಿ ಬಿಟ್ಟಳು, ಆಕ್ಸಿಲರೇಟರ್ ಸರಿಯಾಗೇ ಕೊಟ್ಟಳು, ಆದರೂ ಎಂಜಿನ್ ಆಫ್ ಆಯಿತು. ನೋಡಿದರೆ ನನ್ನ ಕಾಲು ಬ್ರೇಕಿನ ಮೇಲಿತ್ತು. ತಾನಾಗಿಯೇ ಹೋಗಿರಬೇಕು. ವರ್ಷಗಳ ಅಭ್ಯಾಸ.

ಮಾರ್ಚ್ 18, ಸೋಮವಾರ

ಮಾತ್ರೆ ಶುರುವಾಯಿತು. ಬೆಳಗ್ಗೆ ಪೂರ್ತಿ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದೆ. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಆದರೆ ಡಾಕ್ಟರ ಕೋಣೆಯ ಬಾಗಿಲು ತೆರೆದರೆ ಸಾಕು, ಎಲ್ಲರ ಕಣ್ಣೂ ಹೊರಗೆ ಬಂದವರ ಮುಖಕ್ಕೆ ಅಂಟಿಕೊಳ್ಳುತ್ತದೆ. ಅತ್ತುಕೊಂಡು ಬಂದರೆ ಅಯ್ಯೋ ಪಾಪ ಎನ್ನಿಸುತ್ತದೆ, ಜೊತೆಗೆ ಒಳಗೆಲ್ಲೋ ತಣ್ಣಗಾಗುತ್ತದೆ. ಸದ್ಯ, ನಾನೊಬ್ಬಳೇ ಅಲ್ಲ. ನಗುತ್ತಾ ಬಂದರೆ ಅವರ ಚಪ್ಪಲಿಯ ಬಣ್ಣವೂ ಸಹಿಸುವುದಿಲ್ಲ. ಪಕ್ಕದಲ್ಲಿ ಒಬ್ಬ ಸ್ಕೂಲ್ ಟೀಚರು ತೊಡೆಯ ಮೇಲೆ ಮಕ್ಕಳ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತಿದ್ದಳು. ಒಂದು ಜೋಡಿ ನಗುತ್ತಾ ಹೊರಗೆ ಬಂದಿತು. ಅವಳ ಕೆಂಪು ಪೆನ್ನು ಯಾವುದೋ ಬಡಪಾಯಿ ಮಗುವಿನ ಉತ್ತರದ ಮೇಲೆ ಉದ್ದಕ್ಕೆ ಗೀರಿತು. ನನ್ನತ್ತ ನೋಡಿ, ಉತ್ತರ ಸರಿಯಾಗೇ ಇತ್ತು ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈ ಮಾತ್ರೆಯಿಂದ ತಲೆ ಸಿಡಿಯುತ್ತದೆ. ಇವರು ಉಗುರು ಕತ್ತರಿಸಿಕೊಳ್ಳುವ ಸದ್ದು ಕೇಳಿದರೂ ಸಿಟ್ಟು ಬರುತ್ತದೆ.

ಮಾರ್ಚ್ 21, ಗುರುವಾರ

ನನ್ನ ಪುಸ್ತಕ, ನನಗೆ ಮಾತ್ರ ಬರೆದುಕೊಳ್ಳುವುದು. ಸುಳ್ಳೇಕೆ. ಇವತ್ತು ಬೇಕೆಂದೇ ಒತ್ತಿದೆ.

ಪಿಟೀಲಿಗೆ ಕೈ ಚೆನ್ನಾಗಿ ಕೂತಿದೆ. ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಂದಳು. ತಿಂಗಳುಗಟ್ಟಲೆ ಒದ್ದಾಡುವವರನ್ನು ಕಂಡಿದ್ದೇನೆ, ಇವಳಿಗೆ ಎರಡು ವಾರ ಸಾಕಾಯಿತು. ಇದೂ ಅಷ್ಟೇ ಸಲೀಸು. ಏರಿನ ಬುಡದಲ್ಲಿ, ಈಗ ನೋಡಿ ಅತ್ತಿಗೆ ಎಂದಳು. ಕ್ಲಚ್ ಬಿಡುವ ಹೊತ್ತಿಗೆ ನಾನು ಪಾದದ ತುದಿಯಿಂದ ಒಂಚೂರು ಒತ್ತಿದೆ. ಒಂಚೂರೇ. ಎರಡು ಬ್ರೇಕೂ ಒಂದಕ್ಕೊಂದು ಸೇರಿಕೊಂಡಿವೆ, ನನ್ನದು ಇಳಿದರೆ ಅವಳದೂ ಇಳಿಯುತ್ತದೆ. ಆದರೆ ಆ ಹೊತ್ತಿಗೆ ಅವಳ ಕಾಲು ಆಕ್ಸಿಲರೇಟರ್ ಮೇಲಿರುವುದರಿಂದ ತಿಳಿಯುವುದಿಲ್ಲ. ಎಂಜಿನ್ ನಡುಗಿ ಆಫ್ ಆಯಿತು. ಮತ್ತೆ ಹೊರಟಳು. ಮತ್ತೆ ಆಫ್. ಹಿಂದೆ ಲಾರಿಯವನು ಹಾರನ್ ಬಾರಿಸಿದ. ಅವಳ ಕತ್ತು ಕೆಂಪಾಯಿತು. ಎಲ್ಲಿ ತಪ್ಪು ಮಾಡುತ್ತಿದ್ದೇನೆ ಎಂದು ಕೇಳಿದಳು. ಕಾಲಿನ ಹದ ಬಂದಿಲ್ಲ ಎಂದೆ, ಬಲು ಸಮಾಧಾನದಿಂದ.

ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದೆ.

ಮಾರ್ಚ್ 22, ಶುಕ್ರವಾರ

ಇವತ್ತೂ.

ಮಾರ್ಚ್ 27, ಬುಧವಾರ

ಪಿಟೀಲಿನ ಟೆಸ್ಟು ಮುಂದಕ್ಕೆ ಹಾಕಿಸಿದೆ. ಇನ್ನೂ ತಯಾರಿಲ್ಲ ಎಂದು ಸ್ಕೂಲಿನ ಯಜಮಾನರಿಗೆ ಹೇಳಿದೆ. ನಾನು ಹೇಳಿದ ಮೇಲೆ ಅವರು ಎರಡು ಮಾತಾಡುವುದಿಲ್ಲ. ಹೌದಾ, ನೋಡಿದರೆ ಚುರುಕಾಗಿದ್ದಾಳೆ ಎಂದಷ್ಟೇ ಅಂದರು.

ಇದರಲ್ಲಿ ತಪ್ಪೇನೂ ಇಲ್ಲ. ಬಸುರಿ ಹೆಂಗಸು, ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಜೋಪಾನವಾಗಿದ್ದರೆ ಅವಳಿಗೇ ಒಳ್ಳೆಯದು. ಅತ್ತೆಗೂ ಈ ಡ್ರೈವಿಂಗು ಮೊದಲಿನಿಂದ ಸರಿ ಬಂದಿರಲಿಲ್ಲ. ಕೆಳಗಿನಿಂದಲೇ ಕೂಗಿ ನನ್ನನ್ನು ಹೊಗಳಿದರು. ಅವರ ಬಾಯಲ್ಲಿ ನನ್ನ ಹೊಗಳಿಕೆ ಕೇಳಿ ಎಷ್ಟು ಕಾಲವಾಗಿತ್ತೋ.

ಏಪ್ರಿಲ್ 1, ಸೋಮವಾರ

ಎರಡು ಒಳ್ಳೆಯ ಸುದ್ದಿ ಒಂದೇ ದಿನ. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ಚೆನ್ನಾಗಿ ದಪ್ಪವಾಗಿದೆಯಂತೆ. ಶನಿವಾರ ಭ್ರೂಣ ಬಿಡುತ್ತಾರೆ.

ಇನ್ನೊಂದು, ಪಿಟೀಲು ಕ್ಲಾಸು ಬಿಟ್ಟಳು. ಕಾರಿನ ಕೀಲಿ ತಂದು ಇವರ ಕೈಗೆ ಕೊಟ್ಟು, ಅಣ್ಣ, ನೀನೇ ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಇಡು, ನನಗೆ ಇದು ಒಲಿಯುವುದಿಲ್ಲ ಎಂದಳು. ಗೇರ್ ಮುಟ್ಟಲೇ ಹೆದರಿಕೆಯಂತೆ. ಇವರು ಪ್ರಯತ್ನ ಬಿಡಬೇಡ ಎಂದು ಏನೇನೋ ಹೇಳಿದರು. ನಾನು ಬಾಯಿ ಹಾಕಲಿಲ್ಲ. ಹೋಗುವಾಗ ನನ್ನ ಕಡೆ ತಿರುಗಿ, ನಿಮಗೆ ನನ್ನಿಂದ ಸುಮ್ಮನೆ ತೊಂದರೆ ಆಯಿತು ಅತ್ತಿಗೆ, ಇಷ್ಟು ತಾಳ್ಮೆಯಿಂದ ಯಾರೂ ಕಲಿಸುತ್ತಿರಲಿಲ್ಲ ಎಂದಳು.

ಆಮೇಲೆ ಎದೆಯಲ್ಲಿ ಏನೋ ಅಡ್ಡ ಕೂತ ಹಾಗಿತ್ತು. ಮಾತ್ರೆಯಿಂದ ಗ್ಯಾಸು ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಏಪ್ರಿಲ್ 6, ಶನಿವಾರ

ಆಯಿತು. ಒಳಗೆ ಇದೆ.

ಹೊಟ್ಟೆ ತುಂಬ ನೀರು ಕುಡಿದು, ಬಾತ್‌ರೂಮಿಗೂ ಹೋಗದೆ ಕಾಯಬೇಕು, ಆಗಲೇ ಸ್ಕ್ಯಾನ್ ಸ್ಪಷ್ಟವಾಗಿ ಕಾಣುವುದು. ಇವರಿಗೆ ಹಸಿರು ಟೋಪಿ, ಹಸಿರು ನಿಲುವಂಗಿ ತೊಡಿಸಿ ನನ್ನ ತಲೆಯ ಹತ್ತಿರ ನಿಲ್ಲಿಸಿದ್ದರು. ನಗಿಸಬೇಡಿ, ಇಲ್ಲೇ ಅನಾಹುತ ಆಗುತ್ತೆ ಎಂದೆ. ಸಣ್ಣ ನಳಿಕೆ, ಪರದೆಯ ಮೇಲೆ ಒಂದು ಬಿಳಿ ಚುಕ್ಕೆ. ಅಷ್ಟೇ. ಅದನ್ನು ನೋಡಿ ನಾನು ಮನಸ್ಸಿನಲ್ಲೇ ಹೇಳಿದ್ದು ನೆನೆದರೆ ನಗು ಬರುತ್ತದೆ: ಗಾಬರಿ ಬೀಳಬೇಡ, ನಿಧಾನ, ಜಾಗ ನೋಡಿಕೊಂಡು ನಿಲ್ಲು, ನಾನು ಪಕ್ಕದಲ್ಲೇ ಇದ್ದೀನಿ. ಇಷ್ಟು ವರ್ಷ ಸಾವಿರ ಜನಕ್ಕೆ ಹೇಳಿದ್ದೇನೆ, ಇಷ್ಟು ಮನಸ್ಸಿಟ್ಟು ಯಾರಿಗೂ ಹೇಳಿರಲಿಲ್ಲ.

ಹದಿನೆಂಟಕ್ಕೆ ರಕ್ತಪರೀಕ್ಷೆ. ಅಲ್ಲಿಯವರೆಗೆ ರಜ ಹಾಕಿದ್ದೇನೆ.

ಏಪ್ರಿಲ್ 9, ಮಂಗಳವಾರ

ಪಿಟೀಲು ದಿನಾ ಮೇಲೆ ಬರುತ್ತಾಳೆ. ಹಣ್ಣು ಹೆಚ್ಚಿ ತರುತ್ತಾಳೆ. ಪೇಪರಿನ ಭವಿಷ್ಯ ಓದಿ ಹೇಳುತ್ತಾಳೆ. ಇವತ್ತು ನನ್ನದಕ್ಕೆ ವಾಹನ ಯೋಗ ಎಂದಿತ್ತು. ದಿನಾ ಎಂಟು ಗಂಟೆ ಅದರಲ್ಲೇ ಇರುತ್ತೇನೆ, ಇನ್ನೇನು ಯೋಗ ಎಂದೆ. ಬಿದ್ದು ಬಿದ್ದು ನಕ್ಕಳು.

ಅವಳು ಕೂತ ಕೂಡಲೇ ಸೋಫಾದ ದಿಂಬನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ನನಗೆ ಕಾಣದಿರಲಿ ಎಂದು. ಅದನ್ನು ಕಂಡರೆ ಇನ್ನೂ ರೇಗುತ್ತದೆ. ದಿಂಬಿನ ಹಿಂದೆ ಏನಿದೆ ಎಂದು ನನಗೆ ಮರೆತು ಹೋಗುತ್ತದೆಯೇ? ಇವಳ ಒಳ್ಳೆಯತನ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಸ್ಕೂಲಿನ ಯಜಮಾನರು ಫೋನು ಮಾಡಿದ್ದರು. ನಿನ್ನ ನಾದಿನಿ ಯಾಕೆ ಬರುತ್ತಿಲ್ಲ, ನಾನೇ ಒಂದು ರೌಂಡ್ ಕರೆದುಕೊಂಡು ಹೋಗಲಾ ಎಂದರು. ಬೇಡ, ಹೆದರಿದ್ದಾಳೆ, ಬಿಟ್ಟುಬಿಡಿ ಎಂದೆ.

ಏಪ್ರಿಲ್ 13, ಶನಿವಾರ

ಎದೆ ಭಾರ. ಸೊಂಟ ನೋವು. ವಾಸನೆ ತಡೆಯಲು ಆಗುವುದಿಲ್ಲ. ಮಾತ್ರೆಯಿಂದಲೂ ಹೀಗೆಲ್ಲ ಆಗುತ್ತದೆ, ಏನೂ ಅಂದುಕೊಳ್ಳಬೇಡಿ ಎನ್ನುತ್ತಾಳೆ ನರ್ಸಮ್ಮ. ಹೋದ ಎರಡು ಸಲವೂ ಹೀಗೇ ಆಗಿ ಏನೂ ಇರಲಿಲ್ಲ. ಆದರೂ ಈ ಸಲದ್ದು ಬೇರೆ ಥರ. ನನಗೆ ಗೊತ್ತಾಗುತ್ತಿದೆ.

ಮಲಗಿಕೊಂಡು ಮಾಡುವ ಕೆಲಸವೇನು, ಯಾರು ಯಾರಿಗೆ ಹೊಟ್ಟೆಕಿಚ್ಚಾಗಬಹುದು ಎಂದು ಯೋಚಿಸಿದೆ. ಎದುರು ಮನೆಯವಳು ತನ್ನ ಮೂರು ಮಕ್ಕಳನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ತಲೆ ಬಾಚುತ್ತಾಳೆ, ಅವಳ ಮುಂದೆ ಹೊಟ್ಟೆ ಬಿಟ್ಟುಕೊಂಡು ಓಡಾಡಬೇಕು. ಆಸ್ಪತ್ರೆಯ ಆ ಕುರ್ಚಿಗಳ ನಡುವೆ ನಗುತ್ತಾ ಹಾದು ಹೋಗಬೇಕು, ಎಲ್ಲರೂ ನನ್ನ ಚಪ್ಪಲಿಯನ್ನು ಶಪಿಸಲಿ. ಪಿಟೀಲಿಗೆ ಮಾತ್ರ ಏನಾಗುತ್ತದೆ ಎಂದು ಊಹಿಸಿದೆ. ಅವಳಿಗೆ ಹೊಟ್ಟೆಕಿಚ್ಚಾಗುವುದಿಲ್ಲ. ಕುಣಿದಾಡುತ್ತಾಳೆ. ಅಷ್ಟರಲ್ಲಿ ಯೋಚನೆಯ ರುಚಿಯೇ ಕೆಟ್ಟಿತು, ಎದ್ದು ಹಾಲು ಕಾಯಿಸಿಕೊಂಡೆ.

ಎರಡು ದಿನದಿಂದ ಬೆಳಗಿನ ಹೊತ್ತು ಅವಳು ಮೇಲೆ ಬರುತ್ತಿಲ್ಲ. ಎಲ್ಲಿಗೆ ಹೋಗುತ್ತಾಳೋ. ಕೇಳಬಾರದು ಎಂದುಕೊಂಡೂ ಇವರನ್ನು ಕೇಳಿದೆ. ಇವರಿಗೂ ಗೊತ್ತಿಲ್ಲ.

ಏಪ್ರಿಲ್ 18, ಗುರುವಾರ

ಇಲ್ಲ.

ಏಪ್ರಿಲ್ 19, ಶುಕ್ರವಾರ

ನಿನ್ನೆಯದನ್ನು ಬರೆಯಬೇಕು, ಇಲ್ಲದಿದ್ದರೆ ಒಳಗೇ ಕೊಳೆಯುತ್ತದೆ.

ಮಧ್ಯಾಹ್ನ ನರ್ಸಮ್ಮ ಫೋನು ಮಾಡಿದಳು. ನನ್ನ ಹೆಸರು ಹೇಳಿ ಒಂದು ಗಳಿಗೆ ತಡೆದಳು. ಆ ತಡೆಯಲ್ಲೇ ತಿಳಿಯಿತು. ಉಳಿದದ್ದನ್ನು ಸುಮ್ಮನೆ ಕೇಳಿಸಿಕೊಂಡು, ಆಗಲಿ, ಮಾತ್ರೆ ನಿಲ್ಲಿಸುತ್ತೇನೆ ಎಂದೆ. ಇವರು ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಹೊಂಡದೊಳಗೆ ಇರುತ್ತಾರೆ, ಅಲ್ಲಿ ಕೈಕಾಲು ನಡುಗಬಾರದು. ಸಂಜೆ ಬಂದ ಮೇಲೆ ಹೇಳೋಣ ಎಂದು ಯಾರಿಗೂ ಹೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಕುರ್ಚಿಯಲ್ಲಿ ಕೂತಿದ್ದೆ.

ಪಿಟೀಲು ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ, ಕೂರಲಿಲ್ಲ, ದಿಂಬು ಎತ್ತಿಕೊಳ್ಳಲಿಲ್ಲ. ಯಜಮಾನರು ಅವಳಿಗೂ ಫೋನು ಮಾಡಿ, ಹೋದ ವಾರದಿಂದ ಬೆಳಗಿನ ಹೊತ್ತು ಕರೆದುಕೊಂಡು ಹೋಗುತ್ತಿದ್ದಾರೆ. ಅದೇ ಕಾರು, ಅದೇ ಏರು. ಒಂದು ಸಲವೂ ಆಫ್ ಆಗಲಿಲ್ಲವಂತೆ. ಅತ್ತಿಗೆ ಜೊತೆ ಮಾತ್ರ ಯಾಕೆ ಆಫ್ ಆಗುತ್ತಿತ್ತು ಎಂದು ಕೇಳಿದ್ದಾಳೆ. ಅವರು ಬಗ್ಗಿ ಕಲಿಸುವವರ ಕಡೆಯ ಪೆಡಲು ನೋಡಿ, ಕೆಟ್ಟಿಲ್ಲವಲ್ಲ ಎಂದು, ತಮ್ಮ ಕಾಲಿನಿಂದ ಒಂದು ಸಲ ಒತ್ತಿ ತೋರಿಸಿದ್ದಾರೆ. ಗಾಡಿ ಅದೇ ಥರ ನಡುಗಿ ನಿಂತಿದೆ.

"ಒತ್ತಿದ್ದು ನೀವಾ?" ಎಂದಳು.

"ಹೂಂ."

"ಬೇಕೂಂತಾನಾ?"

"ಬೇಕೂಂತಾನೇ."

"ಯಾಕೆ?"

"ನಿನಗೆ ಎಲ್ಲಾ ಸಲೀಸಾಗಿ ಸಿಗುತ್ತೆ. ಇದೊಂದಾದ್ರೂ ಸಿಗದೆ ಇರ್ಲಿ ಅಂತ."

ಆಮೇಲೆ ಅವಳು ಬೈದದ್ದನ್ನೆಲ್ಲ ಬರೆಯಲಾರೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಿಮ್ಮನ್ನ ನಂಬಿ ಸ್ಟಿಯರಿಂಗ್ ಹಿಡಿದೆನಲ್ಲ ಎಂದಳು. ನಾನು ದಡ್ಡಿ, ಯಾವುದಕ್ಕೂ ಲಾಯಕ್ಕಿಲ್ಲ, ನಾಳೆ ಮಗುವನ್ನು ಹೇಗೆ ಸಾಕುತ್ತೀನಿ ಎಂದು ಗಂಡನಿಗೆ ಫೋನು ಮಾಡಿ ಅತ್ತಿದ್ದಳಂತೆ, ಅವನು ಹಡಗಿನಲ್ಲಿ ಕೂತು ಏನು ತಾನೇ ಮಾಡಿಯಾನು. ನಿಮಗೆ ನೋವಾಗಬಾರದು ಎಂದು ಕದ್ದು ವಾಂತಿ ಮಾಡಿಕೊಂಡೆ, ಕದ್ದು ಆಸ್ಪತ್ರೆಗೆ ಹೋದೆ, ಮಗು ಮೊದಲ ಸಲ ಅಲುಗಾಡಿದ್ದನ್ನು ಅಮ್ಮನ ಕಿವಿಯಲ್ಲಿ ಹೇಳಿದೆ, ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಬಸುರಿಯಾದೆ, ನೀವು ನೋಡಿದರೆ ಇಂಥ ಕೆಲಸ ಮಾಡಿದಿರಿ, ನಾಚಿಕೆ ಆಗಲ್ವಾ ಎಂದಳು. ಧ್ವನಿ ಏರುತ್ತಾ ಏರುತ್ತಾ ಒಡೆಯಿತು.

ನನ್ನ ನಾಲಿಗೆಯ ಮೇಲೆ ಒಂದೇ ಒಂದು ಮಾತು ಕೂತಿತ್ತು. ಈಗ ತಾನೇ ಫೋನು ಬಂತು, ಆಗಲಿಲ್ಲ. ಅಷ್ಟು ಹೇಳಿದ್ದರೆ ಅವಳು ಅಲ್ಲೇ ಬಾಯಿ ಮುಚ್ಚುತ್ತಿದ್ದಳು. ಬಂದು ತಬ್ಬಿಕೊಳ್ಳುತ್ತಿದ್ದಳು, ತನ್ನದೇ ತಪ್ಪು ಎನ್ನುತ್ತಿದ್ದಳು. ಹೇಳಲಿಲ್ಲ. ಯಾಕೆಂದು ಗೊತ್ತಿಲ್ಲ. ಇಷ್ಟು ತಿಂಗಳಲ್ಲಿ ನನ್ನ ಎದುರು ಯಾರೂ ಜೋರಾಗಿ ಮಾತಾಡಿರಲಿಲ್ಲ. ಎಲ್ಲಾ ಬೈಗುಳವನ್ನೂ ಕೂತು ಕೇಳಿದೆ. ಅವಳು ಬಾಗಿಲು ಬಡಿದುಕೊಂಡು ಇಳಿದು ಹೋದಳು.

ಸಂಜೆ ಇವರಿಗೆ ಹೇಳಿದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತರು. ನಲ್ಲಿಯ ಸದ್ದಿಗಿಂತ ಅದೇ ಜೋರಾಗಿತ್ತು. ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು. ನನಗೆ ಅಳು ಬರುತ್ತಿಲ್ಲ.

ಏಪ್ರಿಲ್ 22, ಸೋಮವಾರ

ಕೆಲಸಕ್ಕೆ ಹೋದೆ. ಯಜಮಾನರು ನನ್ನ ಮುಖ ನೋಡಿ, ನೋಡಮ್ಮ, ಆ ಬ್ರೇಕು ಜೀವ ಉಳಿಸೋಕೆ ಇರೋದು ಎಂದರು. ತಲೆ ತಗ್ಗಿಸಿದೆ. ಇನ್ನೊಮ್ಮೆ ಹಾಗಾದರೆ ನಿನ್ನನ್ನ ಆ ಸೀಟಿನಲ್ಲಿ ಕೂರಿಸಲ್ಲ ಎಂದರು. ಸರಿ ಎಂದೆ.

ಆಮೇಲೆ ಪಿಟೀಲು ಪಾಸಾದಳು ಎಂದೂ ಅವರೇ ಹೇಳಿದರು. ಬೆಳಗ್ಗೆ ಟೆಸ್ಟಿಗೆ ಅವರೇ ಕರೆದುಕೊಂಡು ಹೋಗಿದ್ದರಂತೆ. ಏರಿನಲ್ಲಿ ಹೇಗೆ ಮಾಡಿದಳು, ರಿವರ್ಸಿನಲ್ಲಿ ಬಲಗಡೆ ಜಾಸ್ತಿ ಎಳೆಯುತ್ತಾಳಲ್ಲ ಅದನ್ನು ತಿದ್ದಿಕೊಂಡಳಾ, ತಿರುಗುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಿದಳಾ ಎಂದು ಕೇಳಿದೆ. ಅಷ್ಟೆಲ್ಲ ಬೇಕಿದ್ದರೆ ಹೋಗಿ ಅವಳನ್ನೇ ಕೇಳು ಎಂದರು. ಯಾವ ಮುಖ ಇಟ್ಟುಕೊಂಡು ಕೇಳಲಿ?

ಸಂಜೆ ಅವಳೇ ಬಂದಳು. ಈ ಸಲವೂ ಆಗಲಿಲ್ಲ ಎಂದು ಶುಕ್ರವಾರವೇ ಇವರು ಹೇಳಿರಬೇಕು, ಮೂರು ದಿನ ಮೇಲೆ ಬಂದಿರಲಿಲ್ಲ. ನನ್ನ ಎದುರು ಕೂತಳು. ನನ್ನ ಮುಖ ನೋಡಲಿಲ್ಲ.

"ಅವತ್ತು ನಾನು ಬಂದಾಗ್ಲೇ ನಿಮಗೆ ಗೊತ್ತಿತ್ತಂತೆ."

"ಗೊತ್ತಿತ್ತು."

"ಹೇಳೋಕೇನಾಗಿತ್ತು? ಬಾಯಿಗೆ ಬಂದ ಹಾಗೆ ಬೈದ್ನಲ್ಲ."

"ಹೇಳಿದ್ರೆ ಬೈತಿದ್ಯಾ?"

ಇಲ್ಲ ಎಂದು ತಲೆಯಾಡಿಸಿದಳು. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ. ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಅತ್ತಿಗೆ, ಇಷ್ಟು ಬೇಗ ಹೋಗುವುದೂ ಇಲ್ಲ ಎಂದಳು. ಇರಲಿ ಎಂದೆ. ಪಾಸಾದದ್ದಕ್ಕೆ ಏನಾದರೂ ಒಳ್ಳೆಯ ಮಾತು ಹೇಳೋಣ ಎಂದು ಬಾಯಿ ತೆರೆದೆ. ಬಂದದ್ದೇ ಬೇರೆ.

"ನೋಡು, ಒಳ್ಳೆಯವಳ ಥರ ಮಾತಾಡೋಕೆ ನನಗೆ ಬರಲ್ಲ. ನನಗಿನ್ನು ಮಗು ಆಗಲ್ಲ. ನಿನ್ನ ಹೊಟ್ಟೆ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಮಗು ಹುಟ್ಟಿದ ಮೇಲೂ ಉರಿಯುತ್ತೆ."

"ಉರೀಲಿ," ಎಂದಳು. "ಅದಕ್ಕಂತ ನಾನು ಮೆಟ್ಟಿಲು ಹತ್ತೋದು ಬಿಡ್ಲಾ?"

ಆಗ ಬಂತು ನನಗೆ ಅಳು. ಫೋನು ಬಂದಾಗ ಬಾರದ್ದು, ಇವರ ಜೊತೆ ಬಾರದ್ದು, ಒಟ್ಟಿಗೆ ಬಂತು, ದನದ ಹಾಗೆ ಕೂಗಿ ಅತ್ತುಬಿಟ್ಟೆ. ಪಿಟೀಲು ತಾನೂ ಶುರು ಮಾಡಿದಳು. ಅವಳಿಗೆ ಆ ಹೆಸರು ಯಾಕೆ ಬಂತೆಂದು ಇಷ್ಟು ವರ್ಷಕ್ಕೆ ಕಿವಿಯಾರೆ ಕೇಳಿದೆ.

ಕೆಳಗಿನಿಂದ ಅತ್ತೆ, ಏನಾಯ್ತೇ, ಯಾರಿಗೇನಾಯ್ತು ಎಂದು ಕೂಗಿದರು.

"ಏನಿಲ್ಲಮ್ಮಾ," ಎಂದು ಪಿಟೀಲು ಇಲ್ಲಿಂದಲೇ ಕೂಗಿದಳು. "ಅತ್ತಿಗೆ ಅಳ್ತಿದಾರೆ. ನಾನೂ ಅಳ್ತಿದೀನಿ."

ಆಮೇಲೆ ಅತ್ತೆ, ತಡೀರಿ, ನಾನೂ ಬರ್ತೀನಿ ಎಂದರು. ಮಂಡಿ ನೋವಿನವರು, ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತಾ ಹತ್ತಿ ಬರುವಷ್ಟರಲ್ಲಿ ನಾವಿಬ್ಬರೂ ಅತ್ತು ಮುಗಿಸಿ ಮೂಗೊರೆಸಿಕೊಳ್ಳುತ್ತಿದ್ದೆವು. ಅವರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಅವರಿಗೋಸ್ಕರ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.